ಮಕ್ಕಿಗದ್ದೆಯಲ್ಲಿ ಡ್ರೆಸ್ಸೇಜ್

ಬೆಂಗಳೂರಿನ ಹೊರವಲಯದ ಕುದುರೆ ಸವಾರಿ ಶಾಲೆಯೊಂದರಲ್ಲಿ ಬೇಸಿಗೆಯುದ್ದಕ್ಕೂ ದಿನಕ್ಕೆರಡು ಹೊತ್ತು ಡ್ರೆಸ್ಸೇಜ್ ಕಲಿತು ತೀರ್ಥಹಳ್ಳಿ ಸೀಮೆಯ ನಮ್ಮ ಊರಿಗೆ ಮರಳಿದಾಗ ಎದುರಾದ ಪ್ರಶ್ನೆ ಸರಳವಾದದ್ದೇ: ಇನ್ನು ಮುಂದೆ ತಪ್ಪು ಹೇಳುವವರು ಯಾರು? ಶಾಲೆಯಲ್ಲಿ ಗುರುಗಳು ಅಂಕಣದ ನಡುವೆ ನಿಂತಿರುತ್ತಿದ್ದರು. ನನ್ನ ಹಿಮ್ಮಡಿ ಎರಡು ಬೆರಳಿನಷ್ಟು ಮೇಲೆದ್ದರೂ ಅವರ ದನಿ ಏಳುತ್ತಿತ್ತು. ಇಲ್ಲಿ ಅಡಿಕೆ ತೋಟ, ಗದ್ದೆ, ಗುಡ್ಡ, ಅದರಾಚೆ ಕಾಡು. ಡ್ರೆಸ್ಸೇಜ್ ಎಂಬ ಮಾತನ್ನು ಕೇಳಿದವರೇ ಸುತ್ತಮುತ್ತಲ ಹಳ್ಳಿಗಳಲ್ಲಿ ಇಲ್ಲ. ಮನೆಯಲ್ಲಿ ಒಬ್ಬಳೇ ಅಭ್ಯಾಸ ಮಾಡುತ್ತ ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಪೂರ್ಣವಾದದ್ದೇನಲ್ಲ. ಆದರೂ ನನ್ನಂತೆ ದೂರದ ಊರಿನಲ್ಲಿ ಕುದುರೆ ಕಟ್ಟಿಕೊಂಡಿರುವವರಿಗೆ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಡ್ರೆಸ್ಸೇಜ್ ಎಂದರೆ ಕುದುರೆ ಕುಣಿಸುವುದು ಎಂದು ತಿಳಿದವರು ಬಹಳ ಮಂದಿ. ವಾಸ್ತವವಾಗಿ ಇದು ಕುದುರೆಯ ಸಹಜ ನಡೆಗಳನ್ನೇ, ಅಂದರೆ ಗೊರಸಿನ ನಾಲ್ಕು ಪೆಟ್ಟಿನ ನಡಿಗೆ, ಎರಡು ಪೆಟ್ಟಿನ ನಿಧಾನ ಓಟವಾದ ಟ್ರಾಟ್, ಅದಕ್ಕಿಂತ ವೇಗದ ಮೂರು ಪೆಟ್ಟಿನ ಕ್ಯಾಂಟರ್‌ಗಳನ್ನೇ, ಸವಾರನ ಭಾರ ಹೊತ್ತಾಗಲೂ ಹದಗೆಡದಂತೆ ತಿದ್ದುವ ಶಿಕ್ಷಣ. ಸ್ಪರ್ಧೆಯಲ್ಲಿ ನಿಗದಿತ ಅಂಕಣದೊಳಗೆ ನಿಗದಿತ ಅಕ್ಷರಗಳ ಬಳಿ ನಿಗದಿತ ಚಲನೆಗಳನ್ನು ಮಾಡಿ ತೋರಿಸಬೇಕು. ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕವಿದೆ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅನುಷ್ ಅಗರ್‌ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್ ಮತ್ತು ಸುದೀಪ್ತಿ ಹಜೇಲಾ ಅವರ ತಂಡ ಚಿನ್ನ ಗೆದ್ದಾಗ, 1982ರ ದೆಹಲಿ ಕೂಟದ ನಂತರ ಕುದುರೆ ಸವಾರಿಯಲ್ಲಿ ದೇಶಕ್ಕೆ ಬಂದ ಮೊದಲ ಚಿನ್ನ ಇದು ಎಂದು ಪತ್ರಿಕೆಗಳೆಲ್ಲ ಬರೆದವು. ನಮ್ಮ ಮನೆಯಲ್ಲಿ ನನ್ನ ಹುಚ್ಚಿಗೆ ಸ್ವಲ್ಪ ಮರ್ಯಾದೆ ಬಂದದ್ದು ಆ ಸುದ್ದಿಯ ನಂತರವೇ. ಅದಕ್ಕೂ ಮೊದಲು, ಎತ್ತನ್ನೇ ಸಾಕುವುದು ಬಿಟ್ಟ ಕಾಲದಲ್ಲಿ ಕುದುರೆ ಸಾಕುವವಳು ಎಂಬುದಷ್ಟೇ ನನ್ನ ಖ್ಯಾತಿಯಾಗಿತ್ತು.

ಶಾಲೆಯಲ್ಲಿ ನನಗೆ ಕೊಟ್ಟಿದ್ದು ಪಳಗಿದ, ವಯಸ್ಸಾದ ಗಂಡು ಕುದುರೆ. ಅದಕ್ಕೆ ಎಲ್ಲವೂ ಗೊತ್ತಿತ್ತು. ನಾನು ಸರಿಯಾಗಿ ಕೇಳಿದರೆ ಮಾತ್ರ ಮಾಡುತ್ತಿತ್ತು, ಅಡ್ಡಾದಿಡ್ಡಿ ಕೇಳಿದರೆ ಕಿವಿ ಹಿಂದಕ್ಕೆ ಹಾಕಿ ನಿಂತುಬಿಡುತ್ತಿತ್ತು. ಅಂಥ ಕುದುರೆಯ ಮೇಲೆ ಸವಾರ ಕಲಿಯುವುದು ಸೂಚನೆ ಕೊಡುವುದನ್ನು. ಆದರೆ ಮನೆಯಲ್ಲಿದ್ದವಳು ಕೆಂಪಿ, ರೇಸಿನಿಂದ ನಿವೃತ್ತಳಾದ ಕೆಂಚು ಬಣ್ಣದ ಥರೋಬ್ರೆಡ್ ಹೆಣ್ಣು ಕುದುರೆ. (ಹಸುವಿಗೆ ಇಡುವ ಹೆಸರನ್ನು ಕುದುರೆಗೆ ಇಟ್ಟಿದ್ದಕ್ಕೆ ದೊಡ್ಡಮ್ಮನ ಆಕ್ಷೇಪ ಇವತ್ತಿಗೂ ಇದೆ.) ರೇಸಿನ ಕುದುರೆಗೆ ಕಲಿಸುವುದೇ ಬೇರೆ ಭಾಷೆ. ಸವಾರ ಲಗಾಮು ಬಿಗಿಯಾಗಿ ಹಿಡಿದಷ್ಟೂ ಅದು ಕಡಿವಾಣದ ಮೇಲೆ ಒರಗಿ ಓಡುತ್ತದೆ. ಜಾಕಿಯ ಕಾಲುಗಳು ಗಿಡ್ಡ ರಿಕಾಪಿನಲ್ಲಿ (ಸವಾರ ಪಾದವಿಡುವ ಬಳೆ) ಮೇಲೆಲ್ಲೋ ಮಡಿಸಿಕೊಂಡಿರುವುದರಿಂದ ಪಕ್ಕೆಗೆ ಕಾಲು ತಾಗಿದರೆ ಏನು ಮಾಡಬೇಕೆಂಬುದು ಅದಕ್ಕೆ ತಿಳಿದಿರುವುದಿಲ್ಲ. ಶಾಲೆಯಲ್ಲಿ ಕಲಿತ ರೀತಿಯಲ್ಲಿ ಬಲಗಾಲನ್ನು ಮೆಲ್ಲಗೆ ಒತ್ತಿದರೆ ಕೆಂಪಿ ಎಡಕ್ಕೆ ಸರಿಯುವ ಬದಲು ಬಾಣದಂತೆ ಮುಂದಕ್ಕೆ ಹೋದಳು. ಲಗಾಮು ಹಿಡಿದಾಗ ಇನ್ನಷ್ಟು ಜೋರಾಗಿ ಹೋದಳು. ಅವಳ ದೃಷ್ಟಿಯಲ್ಲಿ ಎರಡೂ ಸರಿಯಾದ ಉತ್ತರಗಳೇ.

ಹೊರಡುವ ದಿನ ಗುರುಗಳು ಹೇಳಿದ್ದರು, “ಮನೆಗೆ ಹೋದ ಮೇಲೆ ಹೊಸದೇನನ್ನೂ ಮಾಡಲು ಹೋಗಬೇಡಿ. ಇಲ್ಲಿ ಒಂದು ವಾರದಲ್ಲಿ ಮಾಡಿದ್ದಕ್ಕೆ ಅಲ್ಲಿ ಮೂರು ತಿಂಗಳು ಕೊಡಿ.” ಅದನ್ನು ಪಾಲಿಸುವುದು ನನಗೆ ಕಷ್ಟವಾಗಲಿಲ್ಲ, ಏಕೆಂದರೆ ಬಂದ ಕೂಡಲೇ ಮಳೆ ಹಿಡಿಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮೂರಿನಲ್ಲಿ ಅಷ್ಟಿಲ್ಲವಾದರೂ ಜೂನ್ ಮೂರನೆಯ ವಾರದಿಂದ ಸೆಪ್ಟೆಂಬರಿನವರೆಗೆ ಬಯಲಿನಲ್ಲಿ ಕುದುರೆ ಓಡಿಸುವ ಮಾತೇ ಇಲ್ಲ. ಜಾರುವ ಕೆಸರಿನಲ್ಲಿ ಟ್ರಾಟ್ ಮಾಡಿಸಿದರೆ ಕಾಲಿನ ಸ್ನಾಯುರಜ್ಜುಗಳಿಗೆ ಏಟು ಬೀಳುತ್ತದೆ, ಅದು ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಆದ್ದರಿಂದ ಮೊದಲ ಪಾಠಗಳೆಲ್ಲ ನಡೆದದ್ದು ಅಡಿಕೆ ಬೇಯಿಸುವ ಒಲೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ಜೀನು ಹಾಕದೆ, ನೆಲದ ಮೇಲೆ ನಿಂತು.

ಶೆಡ್ಡಿನೊಳಗೆ ಮಾಡುವಂಥದ್ದು ಹೆಚ್ಚೇನಿಲ್ಲ. ಕೆಂಪಿಯ ಭುಜದ ಪಕ್ಕ ನಿಂತು, ಸವಾರಿಯಲ್ಲಿ ನನ್ನ ಕಾಲು ಬೀಳುವ ಜಾಗದಲ್ಲಿ, ಹೊಟ್ಟೆಪಟ್ಟಿಯಿಂದ ಒಂದು ಗೇಣು ಹಿಂದೆ, ಎರಡು ಬೆರಳಿನ ತುದಿಯನ್ನು ಇಡುವುದು. ಅವಳು ತೂಕವನ್ನು ಆಚೆ ಕಾಲಿಗೆ ದಾಟಿಸಿದ ಕ್ಷಣವೇ ಬೆರಳು ತೆಗೆಯುವುದು. ಮೊದಮೊದಲು ಅವಳು ಬೆರಳಿಗೇ ಎದುರಾಗಿ ಒತ್ತುತ್ತಿದ್ದಳು. ನಾನು ಬೆರಳನ್ನು ಗಟ್ಟಿ ಮಾಡದೆ, ತೆಗೆಯದೆ, ಹಾಗೆಯೇ ಇಟ್ಟು ಕಾಯುತ್ತಿದ್ದೆ. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿನಲ್ಲಿ ಬಾಯಿಮಾತಿಗೆ ಅವಕಾಶವೇ ಇರಲಿಲ್ಲ. ಅದೂ ಒಳ್ಳೆಯದೇ ಆಯಿತು, ಏಕೆಂದರೆ ಸ್ಪರ್ಧೆಯಲ್ಲಿ ಸವಾರ ಬಾಯಿ ಬಿಟ್ಟು ಸೂಚನೆ ಕೊಡುವಂತಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬೆರಳು ತಾಗುವ ಮುನ್ನವೇ, ಕೈ ಹತ್ತಿರ ಬಂದದ್ದನ್ನು ಗಮನಿಸಿ, ಹಿಂಗಾಲನ್ನು ಅಡ್ಡಲಾಗಿ ದಾಟಿಸಿ ಮುಂಗಾಲಿನ ಸುತ್ತ ಅರ್ಧ ಸುತ್ತು ತಿರುಗುವುದನ್ನು ಅವಳು ಕಲಿತಿದ್ದಳು. ಕಾಲಿನ ಒತ್ತಡವೆಂದರೆ ಓಡುವುದಲ್ಲ, ಸರಿಯುವುದು ಎಂಬ ಒಂದೇ ಸಂಗತಿಗೆ ಇಡೀ ಮಳೆಗಾಲ ಹೋಯಿತು. ನನ್ನ ಲೆಕ್ಕದಲ್ಲಿ ಅದು ಅಗ್ಗದ ವ್ಯಾಪಾರ.

ಮಳೆಗಾಲದ ಇನ್ನೊಂದು ಕೆಲಸ ಗೊರಸಿನದು. ನಮ್ಮ ಕಡೆಯ ಸೊಪ್ಪಿನ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಸಿಸೊಪ್ಪು ಹಾಕಿ ಗೊಬ್ಬರ ಮಾಡುವ ಪದ್ಧತಿ ಇದೆ. ಕುದುರೆಗೆ ಅದು ಆಗುವುದಿಲ್ಲ. ಸದಾ ತೇವದಲ್ಲಿ ನಿಂತರೆ ಗೊರಸಿನ ತಳದ ಮೆತ್ತಗಿನ ಭಾಗ ಕೊಳೆತು ಕಪ್ಪಗಾಗಿ ನಾತ ಹೊಡೆಯುತ್ತದೆ. ಹೀಗಾಗಿ ಕೆಂಪಿಯನ್ನು ಪ್ರತ್ಯೇಕ ಕಟ್ಟಿ, ಕಾಲಡಿಗೆ ಸಾಮಿಲ್ಲಿನಿಂದ ತಂದ ಒಣ ಮರದ ಪುಡಿ ಹಾಕಿ, ಬೆಳಿಗ್ಗೆ ಸಂಜೆ ಗೊರಸು ಕೆರೆದು ಒರೆಸುತ್ತಿದ್ದೆ. ಗೊರಸು ಕೆಟ್ಟರೆ ಡ್ರೆಸ್ಸೇಜ್ ಪುರಾಣವೆಲ್ಲ ಅಲ್ಲಿಗೇ ಮುಗಿಯುತ್ತದೆ.

ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ ಅಂಕಣದ ಕೆಲಸಕ್ಕೆ ಕೈ ಹಾಕಿದೆ. ಹಡಿಲು ಬಿದ್ದಿದ್ದ ಎರಡು ಮಕ್ಕಿಗದ್ದೆಗಳ (ಮಳೆ ನೀರನ್ನೇ ನಂಬಿದ ಎತ್ತರದ ಗದ್ದೆಗಳ) ನಡುವಿನ ಅಂಚನ್ನು ಹಿಂದಿನ ವರ್ಷವೇ ಜೆಸಿಬಿಯಿಂದ ತೆಗೆಸಿ ಸಮ ಮಾಡಿಸಿದ್ದೆವು. ಮೇಲಿನ ಧರೆಯಿಂದ, ಅಂದರೆ ದಿಬ್ಬದಿಂದ, ಬರುವ ನೀರು ಒಳಗೆ ನುಗ್ಗದಂತೆ ಬಸಿಗಾಲುವೆಯನ್ನೂ ತೆಗೆದಿತ್ತು. ಸ್ಪರ್ಧೆಯ ದೊಡ್ಡ ಅಂಕಣ 60 ಮೀಟರ್ ಉದ್ದ, 20 ಮೀಟರ್ ಅಗಲ. ಮಲೆನಾಡಿನಲ್ಲಿ ಅಷ್ಟು ಉದ್ದದ ಸಮತಟ್ಟು ಜಾಗ ಸಿಕ್ಕರೆ ಅಲ್ಲಿ ಶಾಲೆಯೋ ಸಂತೆಯೋ ಇರುತ್ತದೆ. ಆರಂಭಿಕರ ಪಾಠಗಳಿಗೆ 40 ಮೀಟರಿನದು ಸಾಕು, ನಮ್ಮ ಗದ್ದೆಯಲ್ಲಿ ಅಷ್ಟು ಸಿಕ್ಕಿತು. ನಾಲ್ಕು ಮೂಲೆಗೆ ಗೂಟ ಹೊಡೆದು ಹಗ್ಗ ಎಳೆದ ಮಾತ್ರಕ್ಕೆ ಸರಿಯಾದ ಆಯತ ಆಗುವುದಿಲ್ಲ; ಎರಡು ಕರ್ಣಗಳೂ ಒಂದೇ ಅಳತೆಗೆ, ಅಂದರೆ 44 ಮೀಟರ್ 72 ಸೆಂಟಿಮೀಟರಿಗೆ ಬರಬೇಕು. ಅಷ್ಟು ಕರಾರುವಾಕ್ಕಾಗಿ ಏಕೆ ಎಂದು ಹಗ್ಗ ಹಿಡಿದವರೆಲ್ಲ ಕೇಳಿದರು. ಗುರುಗಳು ಇಲ್ಲದಲ್ಲಿ ಅಳತೆಯೇ ಗುರು, ಅದೇ ವಕ್ರವಾದರೆ ಇನ್ನು ಯಾರನ್ನು ಕೇಳುವುದು?

ಅಕ್ಷರಗಳ ಸ್ಥಾನವೂ ಹಾಗೆಯೇ. ಪ್ರವೇಶದ ಕಡೆಯ ಗಿಡ್ಡ ಬದಿಯ ನಡುವೆ ಎ, ಎದುರು ಬದಿಯ ನಡುವೆ ಸಿ. ಎ ಇಂದ ಒಳಹೊಕ್ಕು ಸಿ ಕಡೆಗೆ ಮುಖ ಮಾಡಿದರೆ ಎಡಗಡೆಯ ಉದ್ದ ಬದಿಯಲ್ಲಿ ಕೆ, ಇ, ಎಚ್. ಬಲಗಡೆ ಎಫ್, ಬಿ, ಎಂ. ಮೂಲೆಯಿಂದ ಮೊದಲ ಅಕ್ಷರಕ್ಕೆ 6 ಮೀಟರ್, ಅಲ್ಲಿಂದ ನಡುವಿನದಕ್ಕೆ 14 ಮೀಟರ್. ಅಂಕಣದ ನಟ್ಟನಡುವೆ ಕಣ್ಣಿಗೆ ಕಾಣದ ಎಕ್ಸ್. ಈ ಅಕ್ಷರಗಳು ಇದೇ ಕ್ರಮದಲ್ಲಿ ಏಕಿವೆ ಎಂಬುದಕ್ಕೆ ಬಗೆಬಗೆಯ ಕಥೆಗಳನ್ನು ಹೇಳುತ್ತಾರೆ, ನಾನು ಬಾಯಿಪಾಠ ಮಾಡಿ ಸುಮ್ಮನಾದೆ. ಮೊದಲು ಅಡಿಕೆ ಹಾಳೆಯ ಮೇಲೆ ಕೆಂಪು ಬಣ್ಣದಲ್ಲಿ ಅಕ್ಷರ ಬರೆದು ಗೂಟಕ್ಕೆ ಕಟ್ಟಿದೆ. ಎರಡು ದಿನದ ಬಿಸಿಲಿಗೆ ಹಾಳೆ ಸುರುಳಿ ಸುತ್ತಿ ಬಿ ಯಾವುದು, ಎಚ್ ಯಾವುದು ತಿಳಿಯದಂತಾಯಿತು. ಈಗ ಎಣ್ಣೆಯ ಖಾಲಿ ಡಬ್ಬಗಳು ಆ ಕೆಲಸ ಮಾಡುತ್ತಿವೆ.

ಮನೆಯ ಅಭ್ಯಾಸದ ಬಹುಪಾಲು ನಡೆಯುವುದು 20 ಮೀಟರಿನ ವೃತ್ತದ ಮೇಲೆ. ನೋಡಲು ಇದಕ್ಕಿಂತ ನೀರಸವಾದದ್ದು ಇಲ್ಲ, ಮಾಡಲು ಇದಕ್ಕಿಂತ ಕಠಿಣವಾದದ್ದೂ ಕಡಿಮೆ. ಎ ಬಳಿಯ ವೃತ್ತ ನಾಲ್ಕು ಕಡೆ ತಾಗಬೇಕು: ಎ, ಎಕ್ಸ್, ಮತ್ತು ಎರಡು ಉದ್ದ ಬದಿಗಳಲ್ಲಿ ಮೂಲೆಯಿಂದ ಸರಿಯಾಗಿ 10 ಮೀಟರ್ ದೂರದ ಒಂದೊಂದು ಬಿಂದು. ಆ ಬಿಂದುಗಳು ಯಾವ ಅಕ್ಷರದ ಬಳಿಯೂ ಇಲ್ಲ, ಕೆ ಮತ್ತು ಎಫ್ ದಾಟಿ 4 ಮೀಟರ್ ಮುಂದಿವೆ. ಕುದುರೆಗೆ ಬೇಲಿಯ ಆಸರೆ ಇಷ್ಟ, ಆದ್ದರಿಂದ ಅದು ಮೂಲೆಯೊಳಕ್ಕೆ ನುಗ್ಗುತ್ತದೆ; ಎಕ್ಸ್ ಬಳಿ ಬೇಲಿ ಇಲ್ಲದ್ದರಿಂದ ಅಲ್ಲಿ ಹೊರಕ್ಕೆ ಜಾರುತ್ತದೆ. ಮೇಲೆ ಕುಳಿತವರಿಗೆ ವೃತ್ತ ದುಂಡಗೇ ಇದೆ ಅನ್ನಿಸುತ್ತಿರುತ್ತದೆ. ನಾನು ನಾಲ್ಕು ಬಿಂದುಗಳಿಗೂ ಸುಣ್ಣದ ಗುರುತು ಹಾಕಿ, ಒಂದು ಬಿಂದುವಿನಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ (ನಾಲ್ಕೂ ಕಾಲು ಒಮ್ಮೆ ನೆಲ ಮುಟ್ಟಿದರೆ ಒಂದು ಹೆಜ್ಜೆ) ಎಂದು ಎಣಿಸತೊಡಗಿದೆ. ವೃತ್ತದ ಸುತ್ತಳತೆ ಸುಮಾರು 63 ಮೀಟರ್, ಕಾಲು ಭಾಗಕ್ಕೆ 15 ಮುಕ್ಕಾಲು. ಹದವಾದ ಟ್ರಾಟ್‌ನಲ್ಲಿ ಅದಕ್ಕೆ ಐದೂವರೆಯಿಂದ ಆರು ಹೆಜ್ಜೆ ಹಿಡಿಯುತ್ತದೆ. ನಾಲ್ಕೂ ಕಾಲು ಭಾಗಗಳಲ್ಲಿ ಎಣಿಕೆ ಒಂದೇ ಬಂದರೆ ವೃತ್ತವೂ ಸರಿ, ವೇಗವೂ ಸರಿ. ಒಂದು ಕಡೆ ಏಳು, ಇನ್ನೊಂದು ಕಡೆ ಐದು ಬಂದರೆ ಎಲ್ಲಿ ಕೆಟ್ಟಿದೆ ಎಂದು ಹುಡುಕಬೇಕು. ಅಭ್ಯಾಸಕ್ಕೆ ಮೊದಲು ನೆಲವನ್ನು ಹಲುಬೆಯಲ್ಲಿ ಎಳೆದಿಟ್ಟರೆ ಇಳಿದ ಮೇಲೆ ಗೊರಸಿನ ಗೆರೆ ಎದ್ದು ಕಾಣುತ್ತದೆ. ಅದು ಕೋಳಿಮೊಟ್ಟೆಯ ಆಕಾರದಲ್ಲಿದ್ದರೆ ವಾದಿಸಲು ಜಾಗವೇ ಇಲ್ಲ.

ಹೀಗೆ ಎಣಿಸುವಾಗ ಎಫ್ ಕಡೆಯ ಕಾಲು ಭಾಗದಲ್ಲಿ ಮಾತ್ರ ಲೆಕ್ಕ ಸದಾ ತಪ್ಪುತ್ತಿತ್ತು. ಕಾರಣ ಹಿಡಿದವರು ಚಿಕ್ಕಪ್ಪ. ಅವರು ವಯಸ್ಸಿನಲ್ಲಿದ್ದಾಗ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಮದ್ದಲೆ ನುಡಿಸುತ್ತಿದ್ದವರು. ಕುದುರೆಯ ವಿಷಯ ಅವರಿಗೆ ಏನೂ ತಿಳಿಯದು. ಒಂದು ಸಂಜೆ ಧರೆಯ ಮೇಲೆ ಕುಳಿತು ಕವಳ (ಎಲೆಅಡಿಕೆ) ಹಾಕಿಕೊಂಡು, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದರು. ನಾನು ನಿಲ್ಲಿಸಿದಾಗ ಹೇಳಿದರು, “ನಿನ್ನ ಕುದುರೆಗೆ ಆ ತೋಟದ ಮೂಲೆಯಲ್ಲಿ ಕಾಲ ಏರುತ್ತೆ ಕಣೆ. ಅಲ್ಲಿ ಎರಡು ಪೆಟ್ಟು ಓಡಿ, ಆಮೇಲೆ ಹಿಂದಕ್ಕೆ ಬರುತ್ತೆ. ಪ್ರತಿ ಸಲವೂ ಅಲ್ಲೇ.” ಪ್ರತಿ ಸಲ ಅಲ್ಲೇ ಎಂದಮೇಲೆ ಅದು ಕುದುರೆಯ ಚಂಚಲ ಇರಲಾರದು ಎಂದುಕೊಂಡು ಮರುದಿನ ಗಾರೆ ಕೆಲಸದವರ ನೀರಿನ ಟ್ಯೂಬು ತಂದು ಮಟ್ಟ ನೋಡಿದರೆ, ಮಳೆಗೆ ತುಂಬುಮಣ್ಣು ಇಳಿದು ಆ ಮೂಲೆ ಒಂದು ಗೇಣಿಗೂ ಹೆಚ್ಚು ತಗ್ಗಾಗಿತ್ತು. ಇಳಿಜಾರಿನಲ್ಲಿ ಕುದುರೆಯ ಭಾರ ಮುಂಗಾಲಿನ ಮೇಲೆ ಬೀಳುತ್ತದೆ, ಹೆಜ್ಜೆ ಅವಸರವಾಗುತ್ತದೆ. ಜಂಬಿಟ್ಟಿಗೆಯ ಪುಡಿ ಹಾಕಿ ಬಡಿದು ಸರಿ ಮಾಡಿಸಿದೆವು. ಅಂದಿನಿಂದ ಚಿಕ್ಕಪ್ಪ ನನ್ನ ಕಾಯಂ ಪರೀಕ್ಷಕರು. ಟ್ರಾಟ್‌ನಲ್ಲಿ ನಿಮಿಷಕ್ಕೆ ಸುಮಾರು 75ರಿಂದ 80 ಹೆಜ್ಜೆಯ ಲಯ ಉಳಿಯಬೇಕೆಂದು ಫೋನಿನ ಮೆಟ್ರೊನೋಮ್ ಆ್ಯಪ್ ಕೂಡ ಹೇಳುತ್ತದೆ, ಆದರೆ ಲಯ ಎಲ್ಲಿ, ಯಾಕೆ ಕೆಟ್ಟಿತೆಂದು ಅದು ಹೇಳುವುದಿಲ್ಲ.

ಜರ್ಮನ್ ಪದ್ಧತಿಯ ತರಬೇತಿಯಲ್ಲಿ ಆರು ಮೆಟ್ಟಿಲುಗಳನ್ನು ಹೇಳುತ್ತಾರೆ: ಲಯ, ಮೈಸಡಿಲ, ಕಡಿವಾಣದೊಡನೆ ಹದವಾದ ಸಂಪರ್ಕ, ಚಿಮ್ಮುವ ಶಕ್ತಿ, ನೇರತೆ, ಕೊನೆಗೆ ಭಾರವನ್ನು ಹಿಂಗಾಲಿನ ಮೇಲೆ ಕೂಡಿಸಿಕೊಳ್ಳುವುದು. ಶಾಲೆಯ ಹಳೆಯ ಕುದುರೆಯ ಮೇಲೆ ನಾನು ಐದನೆಯ ಮೆಟ್ಟಿಲಿನವರೆಗೆ ಇಣುಕಿ ನೋಡಿದ್ದೆ. ಕೆಂಪಿಯೊಂದಿಗೆ ಮೊದಲ ಮೂರರಲ್ಲೇ ಇದ್ದೇನೆ, ಅದರಲ್ಲೂ ಮೂರನೆಯದು ಇನ್ನೂ ಅಲುಗಾಡುತ್ತಿದೆ. ತೀವ್ರ ತರಬೇತಿಯಿಂದ ಬಂದವರಿಗೆ ಎದುರಾಗುವ ದೊಡ್ಡ ಇಕ್ಕಟ್ಟು ಇದೇ ಎಂದು ನನಗೆ ಅನ್ನಿಸುತ್ತದೆ. ಮೈಗೆ ಮೇಲಿನ ಪಾಠದ ರುಚಿ ಹತ್ತಿರುತ್ತದೆ, ಮನೆಯ ಕುದುರೆ ಮಾತ್ರ ಅಕ್ಷರಮಾಲೆಯಲ್ಲಿರುತ್ತದೆ. ಹೊಸ ಚಲನೆ ಮಾಡಿ ತೋರಿಸುವ ಆಸೆಗೆ ಲಗಾಮು ಹಾಕುವುದೇ ಆಗ ಹೆಚ್ಚಿನ ಕೆಲಸ.

ಒಂದು ದಿನದ ಅಭ್ಯಾಸ ಒಟ್ಟು ಮುಕ್ಕಾಲು ಗಂಟೆ ದಾಟುವುದಿಲ್ಲ. ಮೊದಲ ಹತ್ತು ಹದಿನೈದು ನಿಮಿಷ ಉದ್ದ ಲಗಾಮಿನಲ್ಲಿ ಬರೀ ನಡಿಗೆ. ಆಮೇಲೆ ಟ್ರಾಟ್, ಅದರಲ್ಲಿ ನಡಿಗೆಗೂ ಟ್ರಾಟ್‌ಗೂ ನಡುವಿನ ಬದಲಾವಣೆಗಳು, ಒಂದರ ಹಿಂದೊಂದು. ಬದಲಾವಣೆಗೆ ಮುಂಚೆ ಕುದುರೆಯನ್ನು ಎಚ್ಚರಿಸಲು ಹಾಫ್ ಹಾಲ್ಟ್ ಎಂಬುದನ್ನು ಮಾಡಬೇಕು. ಬರಹದಲ್ಲಿ ಅದನ್ನು ಹೇಳುವುದು ಕಷ್ಟ: ಬೆನ್ನನ್ನು ಉದ್ದಮಾಡಿ, ಉಸಿರು ಬಿಟ್ಟು, ಸೊಂಟದ ಚಲನೆಯನ್ನು ಅರೆಕ್ಷಣ ತಡೆದು, ಕಾಲನ್ನು ಪಕ್ಕೆಗೆ ತಾಗಿಸಿಯೇ ಇಟ್ಟು, ಹೊರಗಡೆಯ ಕೈಯ ಬೆರಳುಗಳನ್ನು ಮುಚ್ಚಿ, ಕೂಡಲೇ ಬಿಡುವುದು. ಈ ‘ಕೂಡಲೇ ಬಿಡುವುದು’ ರೇಸಿನ ಕುದುರೆಯ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ. ಅರ್ಧ ಕ್ಷಣ ಹೆಚ್ಚು ಹಿಡಿದರೂ ಕೆಂಪಿಗೆ ಒರಗಲು ಗೋಡೆ ಸಿಕ್ಕಂತೆ. ಮತ್ತೆ ಹಳೆಯ ಓಟ ನೆನಪಾಗುತ್ತದೆ. ಕೈ ಬಿಟ್ಟುಬಿಟ್ಟರೆ ಒರಗಲು ಏನೂ ಇರುವುದಿಲ್ಲ, ಆಗ ಅವಳೇ ತನ್ನ ಭಾರವನ್ನು ಹೊತ್ತುಕೊಳ್ಳಬೇಕು. ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ನಾನು ಉಸಿರು ಬಿಟ್ಟಷ್ಟಕ್ಕೇ, ಬೆರಳು ಮುಚ್ಚುವ ಮೊದಲೇ, ಅವಳು ಟ್ರಾಟ್‌ನಿಂದ ನಡಿಗೆಗೆ ಇಳಿದಳು. ಕುತ್ತಿಗೆ ತಗ್ಗಿಸಿ, ಕಡಿವಾಣವನ್ನು ನಿಧಾನವಾಗಿ ಅಗಿಯುತ್ತ, ಒಂದು ಕಿವಿಯನ್ನು ನನ್ನ ಕಡೆ ತಿರುಗಿಸಿದ್ದಳು. ಅಂದು ಅಲ್ಲಿಗೇ ಇಳಿದು ಜೀನು ಬಿಚ್ಚಿದೆ.

ಕೈಗಿಂತ ಕುಳಿತ ಭಂಗಿ ಮುಖ್ಯ ಎನ್ನಲು ಗುರುಗಳು ಯಾವಾಗಲೂ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರ ಉದಾಹರಣೆ ಕೊಡುತ್ತಿದ್ದರು. ಪೋಲಿಯೋದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಆಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಡ್ರೆಸ್ಸೇಜ್ ಮಹಿಳೆಯರಿಗೂ ತೆರೆದುಕೊಂಡ ಮೊದಲ ಕೂಟದಲ್ಲೇ, ಬೆಳ್ಳಿ ಗೆದ್ದರು. 1956ರಲ್ಲಿ ಮತ್ತೊಮ್ಮೆ ಗೆದ್ದರು. ಕೆಳಗಾಲು ಕೆಲಸ ಮಾಡದವರು ಭಾರದಿಂದಲೇ ಕುದುರೆಯೊಡನೆ ಮಾತಾಡಬಲ್ಲರಾದರೆ ನಮ್ಮ ಕಾಲು ಕೈಗಳ ಗದ್ದಲ ಎಷ್ಟು ಹೆಚ್ಚಿನದು ಎಂಬುದು ಗುರುಗಳ ವಾದ. ನನ್ನ ಗದ್ದಲ ನನಗೆ ತಿಳಿದದ್ದು ಫೋನಿನ ಮೂಲಕ. ಅಣ್ಣನ ಮಗಳು ಶನಿವಾರ ಶಾಲೆ ಬಿಟ್ಟ ಮೇಲೆ ಸಿ ಬಳಿ ನಿಂತು ವಿಡಿಯೊ ಹಿಡಿಯುತ್ತಾಳೆ. ಪಕ್ಕದಿಂದ ಹಿಡಿದ ವಿಡಿಯೊ ಚೆನ್ನಾಗಿ ಕಾಣುತ್ತದೆ, ಆದರೆ ಕಲಿಸುವುದು ಎದುರಿನಿಂದ ಹಿಡಿದದ್ದು. ಮಧ್ಯರೇಖೆಯಲ್ಲಿ ಕುದುರೆ ನೇರ ಬರುತ್ತಿದೆಯೋ, ಹಿಂಗಾಲು ಮುಂಗಾಲಿನ ಜಾಡಿನಲ್ಲೇ ಬೀಳುತ್ತಿದೆಯೋ ಎಂಬುದು ಅಲ್ಲಿಂದ ಮಾತ್ರ ಗೊತ್ತಾಗುತ್ತದೆ. “ಅತ್ತೇ, ನಿನ್ನ ಬಲಗೈ ಮತ್ತೆ ಮೇಲೆ ಹೋಯ್ತು” ಎಂದು ಅವಳು ಕೂಗುವ ದನಿಯಲ್ಲಿ ಈಗೀಗ ಗುರುಗಳ ಧಾಟಿಯೇ ಬಂದಿದೆ. ಬಲಗೈ ಮೇಲೆ ಹೋದಾಗ ಬಲಭುಜ ಬಿಗಿಯುತ್ತದೆ, ಎಡ ಪೃಷ್ಠದ ಮೇಲೆ ಭಾರ ಹೆಚ್ಚುತ್ತದೆ, ಕೆಂಪಿ ಬಲಗಡೆಗೆ ಬಾಗಲು ಆಗದೆ ಮೈಯನ್ನು ಹಲಗೆಯಂತೆ ಮಾಡುತ್ತಾಳೆ. ಅವಳ ಬಲಗಡೆಯ ಬಿಗಿತವೆಂದು ಎಲ್ಲರೂ ಹೇಳುತ್ತಿದ್ದುದರಲ್ಲಿ ಅರ್ಧ ನನ್ನ ಭುಜದ್ದೇ.

ಅಡಿಕೆ ಕೊನೆ (ಗೊನೆ) ಕೊಯ್ಲಿನ ಕಾಲದಲ್ಲಿ ಅಂಕಣದ ಪಕ್ಕದ ತೋಟದಲ್ಲಿ ಇನ್ನೊಂದು ಪರೀಕ್ಷೆ. ಕೊನೆಗಾರರು ಮರದ ತುದಿಯಿಂದ ಮರದ ತುದಿಗೆ ದಾಟುತ್ತ ಕೂಗುತ್ತಾರೆ, ಹಗ್ಗದಲ್ಲಿ ಅಡಿಕೆ ಗೊನೆ ಸರ್ರನೆ ಇಳಿಯುತ್ತದೆ, ಕೆಳಗಿದ್ದವರು ಅದನ್ನು ಹಿಡಿಯುತ್ತಾರೆ. ಆಕಾಶದಿಂದ ಮನುಷ್ಯರ ದನಿ ಬರುವುದು ಯಾವ ಕುದುರೆಗೂ ಒಪ್ಪುವ ವಿಷಯವಲ್ಲ. ಕೆಂಪಿ ಬಿ ಇಂದ ಎಫ್‌ವರೆಗೆ ಮೂಗು ಅರಳಿಸಿ ತೋಟದ ಕಡೆಗೇ ಕತ್ತು ತಿರುಗಿಸಿ ಅಡ್ಡಡ್ಡ ನಡೆಯುತ್ತಿದ್ದಳು. ಹೆದರಿಸುವ ವಸ್ತುವಿನತ್ತ ಎಳೆದೊಯ್ದು ತೋರಿಸಬೇಕೆಂಬುದು ನಮ್ಮಲ್ಲಿನ ಸಾಮಾನ್ಯ ನಂಬಿಕೆ. ಗುರುಗಳು ಹೇಳಿದ್ದು ಅದಕ್ಕೆ ವಿರುದ್ಧ: ಕತ್ತನ್ನು ಮೆಲ್ಲಗೆ ಒಳಕ್ಕೆ ಬಾಗಿಸಿ, ಭುಜವನ್ನು ಒಂದಿಷ್ಟು ಒಳತಂದು, ಒಳಗಾಲಿನಿಂದ ಹೊರಲಗಾಮಿನ ಕಡೆಗೆ ಸವಾರಿ ಮಾಡಿ. ಭುಜ ಒಳತರುವ ಈ ಚಲನೆಯನ್ನು ವ್ಯವಸ್ಥಿತವಾಗಿ ರೂಪಿಸಿದವರು ಹದಿನೆಂಟನೆಯ ಶತಮಾನದ ಫ್ರಾನ್ಸಿನ ಅಶ್ವಶಿಕ್ಷಕ ಗೆರಿನಿಯೇರ್. ಪೂರ್ಣ ರೂಪದಲ್ಲಿ ಅದು ಕೆಂಪಿಗೆ ಇನ್ನೂ ದೂರದ ಮಾತು. ಅದರ ಹತ್ತಿರಹತ್ತಿರದ್ದನ್ನು ನಡಿಗೆಯಲ್ಲಿ ಮಾಡಿಸಿದರೂ ಅವಳ ಗಮನ ತೋಟ ಬಿಟ್ಟು ತನ್ನ ಕಾಲಿನ ಕಡೆಗೆ ಬಂತು. ಶೆಡ್ಡಿನಲ್ಲಿ ಬೆರಳಿಗೆ ಸರಿಯಲು ಕಲಿತದ್ದು ಇಲ್ಲಿ ಫಲಕ್ಕೆ ಬಂತು.

ಅಂಕಣದ ಕೆಲಸ ವಾರದಲ್ಲಿ ಮೂರು ನಾಲ್ಕು ದಿನ ಸಾಕು. ಉಳಿದ ದಿನಗಳಿಗೆ ಬೆಂಗಳೂರಿನಲ್ಲಿ ಇಲ್ಲದ ಸೌಕರ್ಯ ನಮ್ಮಲ್ಲಿದೆ, ಅದು ಗುಡ್ಡ. ಉದ್ದ ಲಗಾಮಿನಲ್ಲಿ ಏರುದಾರಿಯಲ್ಲಿ ನಿಧಾನವಾಗಿ ನಡೆಸಿದರೆ ಹಿಂಭಾಗದ ಸ್ನಾಯುಗಳು ಬಲವಾಗುತ್ತವೆ, ಬೆನ್ನು ಸಡಿಲವಾಗುತ್ತದೆ. ಸಮತಟ್ಟಿನಲ್ಲಿ ಎಷ್ಟು ಸುತ್ತು ಹಾಕಿಸಿದರೂ ಅದು ಬರುವುದಿಲ್ಲ. ಆದರೆ ಡಿಸೆಂಬರಿನಿಂದ ಮೇ ತನಕ ಕಾಡಿನ ಒಳದಾರಿಗಳನ್ನು ನಾನು ಬಿಟ್ಟಿದ್ದೇನೆ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಗಳಿಂದ, ಅವುಗಳ ಹಾವಳಿ ಈ ತಿಂಗಳುಗಳಲ್ಲೇ ಹೆಚ್ಚು. ಆಗ ಮಣ್ಣುರಸ್ತೆಯ ಏರನ್ನೇ ಬಳಸುತ್ತೇನೆ, ಕೈಕಾಲಿಗೆ ಉಣ್ಣೆ ಹತ್ತದಂತೆ ತಡೆಯುವ ಡೀಪಾ ತೈಲ ಹಚ್ಚಿಕೊಳ್ಳುತ್ತೇನೆ, ಬಂದ ಮೇಲೆ ಕೆಂಪಿಯ ಕಿವಿಯ ಒಳಗೆ, ಜೂಲಿನ ಬುಡದಲ್ಲಿ, ಬಾಲದ ಕೆಳಗೆ ಹುಡುಕುತ್ತೇನೆ.

ಹೋಳಿ ಕಳೆದ ಮೇಲೆ ಆರಂಭಿಕ ಮಟ್ಟದ ಪೂರ್ಣ ಪರೀಕ್ಷೆಯೊಂದನ್ನು ಅಂಕಣದಲ್ಲಿ ಮಾಡಿ, ಸಿ ಬಳಿ ಫೋನನ್ನು ಗೂಟಕ್ಕೆ ಕಟ್ಟಿ ವಿಡಿಯೊ ಹಿಡಿದು ಗುರುಗಳಿಗೆ ವಾಟ್ಸಾಪ್ ಮಾಡಿದೆ. ಕಡಿತ ಮಾಡದ, ತಪ್ಪಿದ್ದನ್ನು ಮತ್ತೆ ಮಾಡದ ಒಂದೇ ಓಟ. ಅವರು ಸ್ಪರ್ಧೆಯ ಹಾಳೆಯಂತೆಯೇ ಒಂದೊಂದಕ್ಕೂ ಅಂಕ ಬರೆದು ಕಳುಹಿಸಿದರು. ಎಡಗಡೆಯ ವೃತ್ತಕ್ಕೆ 6.5, ನಡಿಗೆಗೆ 7, ಎಕ್ಸ್‌ನಲ್ಲಿ ನಿಲ್ಲುವುದಕ್ಕೆ 5. ನಾಲ್ಕು ಕಾಲೂ ಚೌಕವಾಗಿ ನಿಲ್ಲಲಿಲ್ಲ, ಎಡ ಹಿಂಗಾಲು ಹಿಂದೆಯೇ ಉಳಿದಿತ್ತು. ಬಲಗಡೆಯ ವೃತ್ತಕ್ಕೂ 5, ಪಕ್ಕದಲ್ಲಿ ‘ಸವಾರರ ಭುಜ’ ಎಂಬ ಟಿಪ್ಪಣಿ. ಕ್ಯಾಂಟರ್ ಇರುವ ಮುಂದಿನ ಪರೀಕ್ಷೆಯ ವಿಷಯ ಕೇಳಿದ್ದಕ್ಕೆ, ಬಲ ವೃತ್ತಕ್ಕೆ ಆರೂವರೆ ಬರುವವರೆಗೆ ಬೇಡ ಎಂದಿದ್ದಾರೆ, ಏಕೆಂದರೆ ಬಲಗಾಲು ಮುಂದಿಟ್ಟು ಕ್ಯಾಂಟರ್ ಹಿಡಿಯಲು ಬೇಕಾದ ಬಾಗು ಅಲ್ಲಿಂದಲೇ ಬರಬೇಕು. ಹಾಗಾಗಿ ಈ ಮಳೆಗಾಲ ಶೆಡ್ಡಿನಲ್ಲಿ ಕೆಂಪಿಗೆ ಬಲಗಡೆಯ ಪ್ರತ್ಯೇಕ ಪಾಠ, ನನಗೆ ದಿನಾ ಬೆಳಿಗ್ಗೆ ಗೋಡೆಗೆ ಒರಗಿ ನಿಂತು ಭುಜ ಸಡಿಲಿಸುವ ವ್ಯಾಯಾಮ. ನವೆಂಬರಿನಲ್ಲಿ ಗುರುಗಳು ಎರಡು ದಿನದ ಮಟ್ಟಿಗೆ ಇಲ್ಲಿಗೇ ಬರಲು ಒಪ್ಪಿದ್ದಾರೆ. ಅಷ್ಟರೊಳಗೆ ಎಫ್ ಮೂಲೆಯ ಮಟ್ಟವನ್ನು ಇನ್ನೊಮ್ಮೆ ನೋಡಬೇಕು, ಅಂಕಣಕ್ಕೆ ಎರಡು ಲೋಡು ಮರಳು ಹಾಕಿಸಬೇಕು.